ಒಟಿಪಿ ಬರಲಿಲ್ಲ, ಎಟಿಎಂ ಕಾರ್ಡೂ ಇಲ್ಲ: ಹೆಬ್ಬೆಟ್ಟಿನಿಂದ ರೊಕ್ಕ ಹೋದ್ರ ಏನ್ ಮಾಡಬೇಕು?

ಸಿಂದಗಿ_ನಾಕಾ ಕೇಳಿದ್ದು:

ಸ್ವಸಹಾಯ ಸಂಘದ ಸಭೆಗಳಾಗ ಹಂಚಾಕ ಒಂದು ಪುಟದ ಮಾಹಿತಿ ಮಾಡೂದೈತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಹೆಣ್ಮಕ್ಕಳು ಪದೇ ಪದೇ ಕೇಳೂ ಪ್ರಶ್ನೆ ಇವು. ಬಲ್ಲವರು ಖಚಿತ ಮಾಹಿತಿ ಕೊಡ್ರಿ, "ಜಾಗರೂಕರಾಗಿರಿ" ಅನ್ನೂ ಉಪದೇಶ ಸಾಕಾಗೈತಿ.

ಒಂದು, ಫೋನಿಗೆ ಏನೂ ಬರದ ಖಾತೆಯಿಂದ ಹತ್ತು ಸಾವಿರ ಹೋಗಿರತೈತಿ, ಪಾಸ್‌ಬುಕ್ಕಿನಾಗ ಎಇಪಿಎಸ್ ಅಂತಷ್ಟ ಇರತೈತಿ. ಬ್ಯಾಂಕಿನವರು "ನಿಮ್ಮ ಬೆರಳ ಹಚ್ಚೀರಿ, ನಾವೇನ್ ಮಾಡೂದು" ಅಂತಾರ. ಹಂಗ ಅನ್ನಾಕ ಬರತೈತೇನು?

ಎರಡು, ಬಯೊಮೆಟ್ರಿಕ್ ಲಾಕ್ ಮಾಡಿದ್ರ ರೇಷನ್, ಗೃಹಲಕ್ಷ್ಮಿ ನಿಲ್ಲತೈತೇನು?

ಮೂರು, ಗೋವಾಕ್ಕ ದುಡಿಯಾಕ ಹೋಗೂ ಹುಡುಗರ ವಾಟ್ಸಾಪ್ ಗ್ರೂಪಿನಾಗ "ಆಧಾರ್‌ಗೆ ಡಿಎನ್ಎ ಸೇರಿಸ್ಯಾರ, ಪೊಲೀಸರು ಯಾರನ್ನ ಬೇಕಾದ್ರೂ ರಕ್ತ ತಗೀಬಹುದು" ಅನ್ನೂ ಮೆಸೇಜ್ ಓಡಾಡಾಕತ್ತೈತಿ. ಇದರಾಗ ಖರೇ ಎಷ್ಟು?

---

ಪಾಸ್‌ಬುಕ್_586:

ಮೊದಲನೇದಕ್ಕ ನಾ ಹೇಳ್ತೀನಿ. ಕಳವು ಹೆಂಗ ಆಗತೈತಿ ಅನ್ನೂದು ತಿಳದ್ರ ದೂರು ಹೆಂಗ ಬರೀಬೇಕು ಅನ್ನೂದೂ ತಿಳೀತೈತಿ.

ಎಇಪಿಎಸ್ ಅಂದ್ರ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳೂ ರಾಷ್ಟ್ರೀಯ ನಿಗಮ) ನಡಸೂ ಆಧಾರ್ ಪಾವತಿ ವ್ಯವಸ್ಥೆ. ರೊಕ್ಕ ತಗೀಲಿಕ್ಕೆ ಬೇಕಾದ್ದು ಮೂರ: ಬ್ಯಾಂಕಿನ ಹೆಸರು, 12 ಅಂಕಿ ಆಧಾರ್ ನಂಬರ್, ಒಂದು ಬೆರಳು. ಖಾತೆ ನಂಬರ್ ಬೇಡ, ಪಿನ್ ಬೇಡ, ಒಟಿಪಿ ಇಲ್ಲ. ಒಂದು ಸಲಕ್ಕ ಮಿತಿ 10,000 ರೂಪಾಯಿ. ಬ್ಯಾಂಕ್ ಮಿತ್ರನ (ಬ್ಯಾಂಕಿನ ಪರವಾಗಿ ಊರಾಗ ರೊಕ್ಕ ಕೊಡೂ ಏಜೆಂಟ್) ಯಂತ್ರ ನಿಮ್ಮ ಬೆರಳಿನ ದತ್ತಾಂಶ ಆಧಾರ್ ನಡಸೂ ಯುಐಡಿಎಐಗೆ ಕಳಸತೈತಿ, "ಹೌದು" ಅಂತ ಬಂದ್ರ ನಿಮ್ಮ ಖಾತೆಯಿಂದ ಕಡಿತ ಆಗಿ ಮಿತ್ರನ ವ್ಯಾಲೆಟ್ಟಿಗೆ (ಅವನ ಡಿಜಿಟಲ್ ಖಾತೆಗೆ) ಜಮಾ ಆಗತೈತಿ. ಅವ ತನ್ನ ಗಲ್ಲೆದಾಗಿಂದ ನಗದು ಕೊಡತಾನ. ಈ ವ್ಯಾಲೆಟ್ ಸಂಗತಿ ನೆನಪಿಟ್ಕೋರಿ, ಕೆಳಗ ಬರತೈತಿ.

ಮೋಸ ಎರಡು ನಮೂನಿ. ಒಂದರಾಗ ನೀವಾ ಬೆರಳ ಹಚ್ಚಿರ್ತೀರಿ, ಖರೇ. ಆದ್ರ ಎರಡು ಸಲ. "ಸರ್ವರ್ ಇಲ್ಲ, ಇನ್ನೊಮ್ಮೆ ಇಡ್ರಿ ಯಕ್ಕಾ" ಅಂದಾಗ ಮೊದಲನೇ ಸಲದ್ದೂ ಪಾಸ್ ಆಗಿರತೈತಿ. ಇಲ್ಲಾ, ಬ್ಯಾಲೆನ್ಸ್ ನೋಡ್ತೀನಿ ಅಂತ ಬೆರಳ ತಗೊಂಡು ವಿತ್‌ಡ್ರಾವಲ್ ಒತ್ತಿರ್ತಾರ. 2,000 ಕೊಟ್ಟು 10,000 ತಗದದ್ದೂ ಇದ್ರಾಗ ಬರತೈತಿ. ಇನ್ನೊಂದು ನಮೂನಿಯೊಳಗ ನೀವು ಅಲ್ಲಿ ಇರೂದಾ ಇಲ್ಲ: ಯಾವುದೋ ಕಾಗದದ ಮ್ಯಾಲಿನ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳು ಮಾಡಿ, ದೂರದ ರಾಜ್ಯದಾಗ ತಗದಿರತಾರ. ಎರಡನೇದನ್ನ ತಡಿಯಾಕ 2023ರ ಫೆಬ್ರುವರಿಯಾಗ ಯುಐಡಿಎಐ ಬೆರಳಿನ ರೇಖೆ ಜೊತಿಗೆ ಚಿತ್ರಾನೂ ನೋಡಿ, ಜೀವಂತ ಬೆರಳ ಹೌದೋ ಅಲ್ಲೋ ಅಂತ ಪರೀಕ್ಷೆ ಮಾಡೂ ವ್ಯವಸ್ಥೆ ತಂತು. ಆಮ್ಯಾಲ ಯಂತ್ರದ ಒಳಗಾ ದತ್ತಾಂಶಕ್ಕ ಸಹಿ ಬೀಳೂ ಎಲ್1 ಸ್ಕ್ಯಾನರ್‌ಗಳೂ ಬಂದಾವು. ಮೊದಲನೇ ನಮೂನಿಗೆ ಇವು ಯಾವೂ ಮದ್ದಲ್ಲ, ಯಾಕಂದ್ರ ಬೆರಳು ಖರೇ ಬೆರಳಾ.

ಈಗ "ನಿಮ್ಮ ಬೆರಳ" ಅನ್ನೂ ಮಾತಿಗೆ ಉತ್ತರ. ರಿಸರ್ವ್ ಬ್ಯಾಂಕಿನ 6 ಜುಲೈ 2017ರ ಸುತ್ತೋಲೆ ಪ್ರಕಾರ ಗ್ರಾಹಕನ ತಪ್ಪು ಅಂತ ರುಜುವಾತು ಮಾಡೂ ಹೊಣೆ ಬ್ಯಾಂಕಿನದು. ಗ್ರಾಹಕಂದೂ ಅಲ್ಲದ, ಬ್ಯಾಂಕಿಂದೂ ಅಲ್ಲದ, ನಡುವಿನ ವ್ಯವಸ್ಥೆದಾಗಿನ ಲೋಪ ಆಗಿದ್ರ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗ ತಿಳಿಸಿದ್ರ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನ ಆದ್ರ ಜನಧನದಂಥ ಮೂಲ ಉಳಿತಾಯ ಖಾತೆಗೆ ಒಂದು ವ್ಯವಹಾರಕ್ಕ ಹೆಚ್ಚಂದ್ರ 5,000, ಸಾದಾ ಉಳಿತಾಯ ಖಾತೆಗೆ 10,000 ನಿಮ್ಮ ಮ್ಯಾಲ. 7 ದಾಟಿದ್ರ ಆ ಬ್ಯಾಂಕಿನ ಮಂಡಳಿಯ ನಿಯಮ.

ಇದರಾಗಿನ ಗುಟ್ಟು ನೋಡ್ರಿ. ಎಇಪಿಎಸ್ ಮಿತಿಯೂ 10,000, ಸಾದಾ ಖಾತೆಯ ಹೊಣೆ ಮಿತಿಯೂ 10,000. ಅಂದ್ರ ನಾಕನೇ ದಿನ ಹೋಗಿ ದೂರು ಕೊಟ್ರ ಸಾದಾ ಖಾತೆಯವರಿಗೆ ಬ್ಯಾಂಕ್ ಒಂದು ರೂಪಾಯಿನೂ ಕೊಡಲೇಬೇಕು ಅಂತಿಲ್ಲ. ಜನಧನದವರಿಗೆ ಅರ್ಧಾರ ಉಳೀತೈತಿ. ನಿಮ್ಮ ಪುಟದಾಗ ದಪ್ಪ ಅಕ್ಷರದಾಗ ಹಾಕಬೇಕಾದ್ದು ಇದೊಂದಾ: ಮೂರು ದಿನ. ಮಾಹಿತಿ ಬಂದ ದಿನ ಲೆಕ್ಕಕ್ಕಿಲ್ಲ, ನಿಮ್ಮ ಶಾಖೆಯ ರಜಾ ದಿನಾನೂ ಇಲ್ಲ.

ಮೆಸೇಜಾ ಬಂದಿಲ್ಲ ಅನ್ನೂವರು ಅದನ್ನ ದೂರಿನಾಗ ಬರೀರಿ. ಮೊಬೈಲ್ ನಂಬರ್ ಕೊಡದ ಗ್ರಾಹಕರಿಗೆ ಎಟಿಎಂ ನಗದು ಬಿಟ್ಟು ಬ್ಯಾರೆ ಎಲೆಕ್ಟ್ರಾನಿಕ್ ವ್ಯವಹಾರ ಕೊಡಬಾರದು ಅಂತ ಅದಾ ಸುತ್ತೋಲೆದಾಗ ಐತಿ. ಈ ಸಾಲು ಕಂಡ್ರ ಕೌಂಟರಿನ ದನಿ ಸ್ವಲ್ಪ ಮೆತ್ತಗಾಗತೈತಿ.

ಕ್ರಮ ಹಿಂಗ. ಗೊತ್ತಾದ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ. "ನಗದು ತಗದಾಗೈತಿ, ಇನ್ನೇನ್ ತಡೀತಾರ" ಅಂತ ಬಿಡಬ್ಯಾಡ್ರಿ. ಮ್ಯಾಲ ಹೇಳಿದ ವ್ಯಾಲೆಟ್ ಇಲ್ಲಿ ಬರತೈತಿ: ಕಳ್ಳಗ ರೊಕ್ಕ ಮೊದಲು ಸಿಗೂದು ವ್ಯಾಲೆಟ್ಟಿನಾಗ, ಅದು ಅಲ್ಲಿಂದ ಮುಂದಿನ ಖಾತೆಗೆ ಹೋಗೂ ತನಕ ತಡಿಯಾಕ ಬರತೈತಿ. ಆಮ್ಯಾಲ ಅದಾ ದಿನ ಶಾಖೆಗೆ ಎರಡು ಪ್ರತಿ ದೂರು, ಒಂದರ ಮ್ಯಾಲ ಸೀಲು, ತಾರೀಖು, ಸಹಿ ಹಾಕಿಸ್ಕೋರಿ. ಬಾಯಿಮಾತಿನ ದೂರು ದೂರಲ್ಲ. ದೂರಿನ ಒಕ್ಕಣೆ:

"ನನ್ನ ಖಾತೆಯಿಂದ ದಿನಾಂಕ ___ ರಂದು ___ ಗಂಟೆಗೆ ರೂ. ___ ಎಇಪಿಎಸ್ ಮೂಲಕ ಕಡಿತವಾಗಿದೆ. ಈ ವ್ಯವಹಾರ ನಾನು ಮಾಡಿಲ್ಲ, ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಇದರ 12 ಅಂಕಿಯ ಆರ್‌ಆರ್‌ಎನ್ (ವ್ಯವಹಾರದ ಉಲ್ಲೇಖ ಸಂಖ್ಯೆ), ಹಣ ಪಾವತಿಸಿದ ಬ್ಯಾಂಕಿನ ಹೆಸರು, ಟರ್ಮಿನಲ್ ಐಡಿ, ಬಿಸಿ ಏಜೆಂಟ್ (ಬ್ಯಾಂಕ್ ಮಿತ್ರ) ಕೋಡ್ ಹಾಗೂ ಸ್ಥಳವನ್ನು ಲಿಖಿತವಾಗಿ ಕೊಡಬೇಕು. ರಿಸರ್ವ್ ಬ್ಯಾಂಕಿನ 6 ಜುಲೈ 2017ರ ಸುತ್ತೋಲೆಯಂತೆ 10 ಕೆಲಸದ ದಿನಗಳೊಳಗೆ ತಾತ್ಕಾಲಿಕ ಜಮಾ ಮಾಡಬೇಕು."

ಆರ್‌ಆರ್‌ಎನ್ ಯಾಕಂದ್ರ, ನಿಮ್ಮ ಬ್ಯಾಂಕು ಎನ್‌ಪಿಸಿಐ ಮೂಲಕ ಆಚೆ ಬ್ಯಾಂಕಿನ ಜೊತಿ ತಕರಾರು ಎತ್ತೂದು ಅದರ ಮ್ಯಾಲಾ. ತಾತ್ಕಾಲಿಕ ಜಮಾ 10 ಕೆಲಸದ ದಿನ, ಅಂತಿಮ ತೀರ್ಮಾನ 90 ದಿನ. ದೂರು ಕೊಟ್ಟು 30 ದಿನ ಆದ್ರೂ ಉತ್ತರ ಇಲ್ಲ, ಇಲ್ಲಾ ತಿರಸ್ಕಾರ ಮಾಡ್ಯಾರ ಅಂದ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ತಕರಾರು ತೀರಸೂ ಅಧಿಕಾರಿ) ಬರೀಬಹುದು, ಫೀ ಇಲ್ಲ. ಮಾಹಿತಿಗೆ 14448.

ನಮ್ಮ ಕಡೆ ಓಣಿಗೊಂದು ಪತ್ತಿನ ಸಹಕಾರಿ ಸಂಘ ಅದಾವಲ್ಲ, ಅವು ಬ್ಯಾಂಕ್ ಅಲ್ಲ. ಅವುಗಳ ತಕರಾರು ಒಂಬುಡ್ಸ್‌ಮನ್ ಹತ್ರ ನಡಿಯೂದಿಲ್ಲ, ಸಹಕಾರ ಇಲಾಖೆಗೆ ಹೋಗಬೇಕು.

---

ಘಟಪ್ರಭಾ_ದಂಡೆ:

ಎರಡನೆಯ ಪ್ರಶ್ನೆಗೆ: ಲಾಕ್ ಮಾಡಿದರೆ ಗೃಹಲಕ್ಷ್ಮಿ ನಿಲ್ಲುವುದಿಲ್ಲ. ಆ 2,000 ಖಾತೆಗೆ ಬಂದು ಬೀಳಲು ಬೆರಳು ಬೇಕಿಲ್ಲ. ಎನ್‌ಪಿಸಿಐ ಪಟ್ಟಿಯಲ್ಲಿ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದಷ್ಟೇ ಮುಖ್ಯ. ಪಿಂಚಣಿ, ಪಿಎಂ ಕಿಸಾನ್ ಕೂಡ ಹಾಗೆಯೇ. ಜೋಡಣೆ ಯಾವ ಬ್ಯಾಂಕಿಗಿದೆ ಎಂದು ಮೈ ಆಧಾರ್ ಪೋರ್ಟಲ್‌ನ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಕಾಣುತ್ತದೆ. ನಿಲ್ಲುವುದು ಬೆರಳು, ಕಣ್ಣು, ಮುಖ ಇಟ್ಟು ಮಾಡುವ ಕೆಲಸ ಮಾತ್ರ: ಬ್ಯಾಂಕ್ ಮಿತ್ರನ ಹತ್ತಿರ ಹಣ ತೆಗೆಯುವುದು, ನ್ಯಾಯಬೆಲೆ ಅಂಗಡಿಯ ಯಂತ್ರ, ಹೊಸ ಸಿಮ್, ಪಿಂಚಣಿದಾರರ ಜೀವನ ಪ್ರಮಾಣ. ಒಟಿಪಿಯಿಂದ ನಡೆಯುವುದೆಲ್ಲ ಎಂದಿನಂತೆ ನಡೆಯುತ್ತದೆ.

ಮಾಡುವ ವಿಧಾನ: ಯುಐಡಿಎಐನ ಆ್ಯಪ್ ಅಥವಾ ಮೈ ಆಧಾರ್ ಪೋರ್ಟಲ್, ಒಟಿಪಿಯಿಂದ ಲಾಗಿನ್, ಲಾಕ್/ಅನ್‌ಲಾಕ್ ಬಯೊಮೆಟ್ರಿಕ್ಸ್. ರೇಷನ್ ದಿನ ತಾತ್ಕಾಲಿಕ ಅನ್‌ಲಾಕ್ ಮಾಡಿದರೆ ಹತ್ತು ನಿಮಿಷ ತೆರೆದಿರುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಅನ್‌ಲಾಕ್ ಮಾಡಿ ಹೊರಡಬೇಡಿ. ಸಾಲಿನಲ್ಲಿ ನಿಮ್ಮ ಮುಂದೆ ಇಬ್ಬರು ಉಳಿದಾಗ ಮಾಡಿ.

ಪೋರ್ಟಲ್‌ನಲ್ಲೇ ಅಥೆಂಟಿಕೇಶನ್ ಹಿಸ್ಟರಿ ಇದೆ. ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವ ಸಂಸ್ಥೆಯ ಮೂಲಕ, ಯಾವ ಹೊತ್ತಿಗೆ, ಬೆರಳಿನಿಂದಲೋ ಒಟಿಪಿಯಿಂದಲೋ ಬಳಕೆಯಾಯಿತು ಎಂಬ ವಿವರ 50 ದಾಖಲೆಗಳವರೆಗೆ ಸಿಗುತ್ತದೆ. ಪಾಸ್‌ಬುಕ್_586 ಹೇಳಿದ ದೂರಿಗೆ ಇದರ ಪ್ರಿಂಟ್ ಲಗತ್ತಿಸಿ. ಹಣ ಹೋದ ನಿಮಿಷದಲ್ಲೇ ಬೆರಳಿನ ದೃಢೀಕರಣ ಆಗಿದ್ದರೆ, ಅದರ ಹಿಂದೆ ಮುಂದೆ ಒಂದಿಷ್ಟು ವಿಫಲ ಯತ್ನಗಳೂ ಇದ್ದರೆ, ನಕಲಿ ಬೆರಳಿನ ಅನುಮಾನಕ್ಕೆ ಅದು ಗಟ್ಟಿ ಆಧಾರ. ನೀವು ಮಿತ್ರನ ಹತ್ತಿರ ಹೋದ ಹೊತ್ತಿನಲ್ಲೇ ಒಂದು ನಿಮಿಷದ ಅಂತರದಲ್ಲಿ ಎರಡು ಯಶಸ್ವಿ ದೃಢೀಕರಣ ಕಂಡರೆ ಅದು "ಇನ್ನೊಮ್ಮೆ ಇಡ್ರಿ" ಪ್ರಕರಣ.

ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಲಾಕ್ ಮಾಡಿಬಿಡುವುದೇ ಸರಿ. ತೆರೆದಿಟ್ಟಿದ್ದರಿಂದ ಯಾರಿಗೂ ಲಾಭವಿಲ್ಲ.

---

ಇಳಕಲ್_ದಡಿ:

"ಎಲ್ಲರೂ ಲಾಕ್" ಅನ್ನೋದು ಪೇಟೆ ಮಾತಾಯ್ತು. ಲಾಕಿಗೂ ಅನ್‌ಲಾಕಿಗೂ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು. ಹಳ್ಳಿಯಲ್ಲಿ ಅತ್ತೆಯ ಆಧಾರ್‌ಗೆ ಇರೋದು ಪುಣೆಯಲ್ಲಿರೋ ಮಗನ ನಂಬರು, ಅದೂ ಎರಡು ಸಿಮ್ ಹಿಂದಿನದು. ಹೇಗೋ ಲಾಕ್ ಮಾಡಿಸಿದರೂ ಪ್ರತಿ ತಿಂಗಳು ರೇಷನ್ ಅಂಗಡಿ ಮುಂದೆ ನಿಂತು ಮಗನಿಗೆ ಫೋನ್ ಮಾಡಿ ಒಟಿಪಿ ಕೇಳಬೇಕು. ಫೋನಿನಲ್ಲಿ ಒಟಿಪಿ ಓದಿ ಹೇಳುವ ರೂಢಿ ಮನೆಯೊಳಗೇ ಬೆಳೆದರೆ, ನಾಳೆ "ಬ್ಯಾಂಕಿನಿಂದ ಮಾತಾಡ್ತಿದೀವಿ" ಅಂದವನಿಗೂ ಅದೇ ರೂಢಿಯಲ್ಲಿ ಹೇಳ್ತಾರೆ. ಒಂದು ಕಳ್ಳದಾರಿ ಮುಚ್ಚಿ ಇನ್ನೊಂದು ತೆರೆದ ಹಾಗೆ.

ಹಾಗಾಗಿ ಮೊದಲು ಮೊಬೈಲ್ ಸರಿಪಡಿಸಿ, ಆಮೇಲೆ ಲಾಕ್. ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಿಸಲು ದಾಖಲೆ ಬೇಕಿಲ್ಲ, ವ್ಯಕ್ತಿ ಖುದ್ದು ಇರಬೇಕು, ಬೆರಳು ಕೊಡಬೇಕು. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ಆಧಾರ್ ಕೇಂದ್ರಕ್ಕೆ ಹೋಗಲಾಗದ ವಯಸ್ಸಾದವರಿಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮನ್ ಮನೆ ಬಾಗಿಲಿಗೇ ಬಂದು ಮೊಬೈಲ್ ನಂಬರ್ ಬದಲಿಸಿಕೊಡುವ ಸೇವೆ ಇದೆ, ಊರಿನ ಅಂಚೆ ಕಚೇರಿಯಲ್ಲಿ ಕೇಳಿ. ಒಂದೇ ನಂಬರನ್ನು ಮನೆಯ ಎಷ್ಟು ಆಧಾರ್‌ಗಾದರೂ ಜೋಡಿಸಬಹುದು, ಹಾಗಾಗಿ ಮನೆಯಲ್ಲೇ ಉಳಿಯುವ ಒಂದು ಫೋನಿನ ನಂಬರ್ ಕೊಡಿ. ಸಾದಾ ಬಟನ್ ಫೋನಾದರೂ ಸಾಕು.

ಇನ್ನು ಬೆರಳಿನ ಗುರುತು ಕಳ್ಳರಿಗೆ ಸಿಗೋದೆಲ್ಲಿಂದ? ನೋಂದಣಿ ಕಾಯ್ದೆಯ 32ಎ ಕಲಂ ಪ್ರಕಾರ ಖರೀದಿ ಪತ್ರದ ಮೇಲೆ ಫೋಟೊ, ಹೆಬ್ಬೆಟ್ಟು ಎರಡೂ ಇರಲೇಬೇಕು. ಅದೇ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ದಾಖಲಾಗುವ 1ನೇ ಪುಸ್ತಕವನ್ನು ಯಾರು ಬೇಕಾದರೂ ನೋಡಿ ನಕಲು ಪಡೆಯಬಹುದು. ಜಮೀನು ಕೊಳ್ಳುವವನು ಹಿಂದಿನ ಪತ್ರ ನೋಡಬೇಕಲ್ಲ, ಅದಕ್ಕಾಗಿ ಇರುವ ಒಳ್ಳೆಯ ನಿಯಮ. ಆದರೆ ಅದನ್ನು ಬರೆದ ಕಾಲದಲ್ಲಿ ಹೆಬ್ಬೆಟ್ಟಿನಿಂದ ದುಡ್ಡು ತೆಗೆಯಲು ಬರುತ್ತಿರಲಿಲ್ಲ. 2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ಭೂದಾಖಲೆ ಜಾಲತಾಣದ ಪತ್ರಗಳಿಂದ ಬೆರಳಚ್ಚು ತೆಗೆದು ಸಿಮ್ ಚಾಲೂ ಮಾಡಿದ್ದ. 2023ರಲ್ಲಿ ನಮ್ಮ ರಾಜ್ಯದಲ್ಲೂ ಕಾವೇರಿ ತಂತ್ರಾಂಶದ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು ಎಇಪಿಎಸ್‌ನಲ್ಲಿ ಹಣ ತೆಗೆದ ಪ್ರಕರಣಗಳು ಹೊರಬಂದವು.

ಗುರುತೊಂದೇ ಸಿಕ್ಕರೆ ಕೆಲಸವಾಗದು, ಪಕ್ಕದಲ್ಲೇ 12 ಅಂಕಿ ಇದ್ದರೆ ಜೋಡಿ ಪೂರ್ತಿ. ಆದ್ದರಿಂದ ಪತ್ರ ಬರಹಗಾರರು ಕರಡು ತೋರಿಸಿದಾಗ ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿಗೆ ಗುಣಿಸು ಚಿಹ್ನೆ ಹಾಕಿಸಿ. ಸಾಕ್ಷಿಗಳದ್ದೂ ಅಷ್ಟೆ. ಎಲ್ಲರೂ ಖರೀದಿದಾರರದ್ದು ಮಾತ್ರ ನೋಡ್ತಾರೆ, ಸಾಕ್ಷಿ ಹಾಕಲು ಬಂದ ಪಾಪದವನ ಪೂರ್ತಿ ನಂಬರ್ ಹಾಗೇ ಉಳಿದುಬಿಡುತ್ತೆ. ಮತದಾರರ ಚೀಟಿ ಕೊಟ್ಟರೆ ಇನ್ನೂ ಒಳ್ಳೆಯದು. ಜೆರಾಕ್ಸ್ ಕೊಡಲೇಬೇಕಾದ ಕಡೆ ಪೋರ್ಟಲ್‌ನಿಂದ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ, ಕೊನೆಯ ನಾಲ್ಕೇ ಅಂಕಿ ಕಾಣುತ್ತೆ. ಆ ಫೈಲಿನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಜೊತೆಗೆ ಹುಟ್ಟಿದ ವರ್ಷ. ಅದನ್ನೇ ಯಾರು ಬೇಕಾದರೂ ಊಹಿಸಬಹುದು, ಹಾಗಾಗಿ ಪಾಸ್‌ವರ್ಡ್ ಇದೆ ಅಂತ ಫೈಲನ್ನು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬಿಟ್ಟು ಬರಬೇಡಿ.

ದ್ರಾಕ್ಷಿ, ಕಬ್ಬು, ಉಳ್ಳಾಗಡ್ಡಿ ಬಿಲ್ಲು ಬಂದ ಖಾತೆಯಲ್ಲಿ ಲಕ್ಷಗಟ್ಟಲೆ ಬಿಟ್ಟುಕೊಂಡಿರೋದೂ ಒಂದು ತಪ್ಪು. ಅಂದೇ ಎಫ್‌ಡಿಗೆ ಹಾಕಿ, ಎಇಪಿಎಸ್‌ನಿಂದ ಎಫ್‌ಡಿ ಮುಟ್ಟಲು ಬರೋದಿಲ್ಲ. ಎಇಪಿಎಸ್ ಬೇಡವೇ ಬೇಡ ಅಂತ ಬಂದ್ ಮಾಡಿಕೊಡುವ ಬ್ಯಾಂಕುಗಳೂ ಇವೆ, ಶಾಖೆಯಲ್ಲಿ ಅರ್ಜಿ ಕೊಟ್ಟು ಕೇಳಿ. ಆಧಾರ್ ಜೋಡಣೆಯನ್ನೇ ತೆಗೆಸಬೇಡಿ, ಆಗ ಗೃಹಲಕ್ಷ್ಮಿ ನಿಜಕ್ಕೂ ನಿಲ್ಲುತ್ತೆ.

---

ಸಿಂದಗಿ_ನಾಕಾ:

ಬಾಳ ಉಪಕಾರ. ಸಿಮ್ ಅಂದ್ರಲ್ಲ, ನಮ್ಮ ಹೆಸರಿನಾಗ ಯಾರರ ಸಿಮ್ ತಗೊಂಡಾರೇನು ಅಂತ ನೋಡೂದು ಹೆಂಗ? ಪೊಲೀಸ್ ದೂರಿನಾಗ ಯಾವ ಕಲಂ ಹಾಕ್ರಿ ಅನ್ನಬೇಕು?

---

ಇಳಕಲ್_ದಡಿ:

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್. ಮೊಬೈಲ್ ನಂಬರ್, ಒಟಿಪಿ ಹಾಕಿದರೆ ನಿಮ್ಮ ಹೆಸರಿನ ಎಲ್ಲ ನಂಬರ್‌ಗಳ ಪಟ್ಟಿ ಬರುತ್ತೆ. ನಿಮ್ಮದಲ್ಲದ್ದರ ಮುಂದೆ "ನನ್ನ ನಂಬರ್ ಅಲ್ಲ" ಆಯ್ಕೆ ಮಾಡಿ ಕಳಿಸಿ. ಹಳೆಯದಾಗಿ ಬಿಟ್ಟದ್ದಕ್ಕೆ "ಬೇಕಿಲ್ಲ" ಅನ್ನುವುದು ಬೇರೆ, ಎರಡನ್ನೂ ಕಲಸಬೇಡಿ. ಒಬ್ಬರ ಹೆಸರಲ್ಲಿ ನಮ್ಮ ರಾಜ್ಯದಲ್ಲಿ 9 ಸಿಮ್ ತನಕ ಅವಕಾಶ, ಕಳ್ಳರಿಗೆ ಅನುಕೂಲ ಆಗೋದೇ ಈ ಅಂತರದಲ್ಲಿ. ಜಾತ್ರೆ, ಸಂತೆಯಲ್ಲಿ ಕೊಡೆ ಹಾಕಿಕೊಂಡು ಸಿಮ್ ಮಾರುವವರು "ಫೋಟೊ ಸರಿ ಬಂದಿಲ್ಲ, ಬೆರಳು ಇನ್ನೊಮ್ಮೆ" ಅಂದರೆ ಅದೇ ನಿಮಿಷದಲ್ಲಿ ಎರಡನೇ ಸಿಮ್ ಹುಟ್ಟಿರಬಹುದು. ಅಂದು ರಾತ್ರಿಯೇ ಪಟ್ಟಿ ನೋಡಿ, ಮತ್ತೆ ವಾರ ಬಿಟ್ಟು ಒಮ್ಮೆ.

---

ಖಡೇಬಜಾರ್:

ಕಲಂಗಳು: ಐಟಿ ಕಾಯ್ದೆಯ 66ಸಿ (ಗುರುತಿನ ಕಳವು, 3 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ), 66ಡಿ (ಕಂಪ್ಯೂಟರ್ ಮೂಲಕ ಸೋಗು ಹಾಕಿ ವಂಚನೆ), ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 318 (ವಂಚನೆ), 319 (ಸೋಗು ಹಾಕಿ ವಂಚನೆ). ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ (78ನೇ ಕಲಂ). ಪಿಎಸ್ಐ ಮಾತ್ರ ಇರುವ ಠಾಣೆಯಲ್ಲಿ "ಇದು ನಮ್ಮಲ್ಲಿ ಬರಲ್ಲ" ಎನ್ನುವುದಕ್ಕೆ ಅರ್ಧ ಕಾರಣ ಇದೇ. ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಿ; ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರರಲ್ಲೂ ಇದೆ. ಆಧಾರ್ ಕಾಯ್ದೆಯ ಅಪರಾಧಗಳಿಗೆ ಮೊದಲು ಯುಐಡಿಎಐ ಮಾತ್ರ ಕೋರ್ಟಿಗೆ ದೂರು ಕೊಡಬಹುದಿತ್ತು. 2019ರ ತಿದ್ದುಪಡಿಯಿಂದ ಸೋಗು ಹಾಕುವಿಕೆಯಂಥ ಕೆಲವಕ್ಕೆ ಕಾರ್ಡುದಾರರೂ ಕೊಡಬಹುದು.

ಈಗ ಡಿಎನ್ಎ. ಆ ವಾಟ್ಸಾಪ್ ಸಂದೇಶದಲ್ಲಿ ಎರಡು ಬೇರೆ ಸಂಗತಿ ಸೇರಿಕೊಂಡಿವೆ, ಬಿಡಿಸಿ ನೋಡಬೇಕು.

ಆಧಾರ್‌ನಲ್ಲಿ ಇರುವುದು ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಫೋಟೊ. ಡಿಎನ್ಎ ಇಲ್ಲ. ಆದರೆ 2016ರ ಆಧಾರ್ ಕಾಯ್ದೆಯ ವ್ಯಾಖ್ಯೆಯಲ್ಲಿ ಇವುಗಳ ನಂತರ "ನಿಯಮಗಳಲ್ಲಿ ಸೂಚಿಸಬಹುದಾದ ಇತರ ಜೈವಿಕ ಲಕ್ಷಣ" ಎಂಬ ಬಾಲವೊಂದಿದೆ. ಡಿಎನ್ಎ ಸೇರಿಸಬಹುದೆಂಬ ಆತಂಕ ಹುಟ್ಟಿದ್ದು ಅಲ್ಲಿಂದ. ಅಂಥ ನಿಯಮ ಬಂದಿಲ್ಲ.

ಆಧಾರ್‌ನ ಬೆರಳಚ್ಚು ಪೊಲೀಸರಿಗೆ ಸಿಗುತ್ತದೆಯೇ ಎಂಬ ಪ್ರಶ್ನೆ ಎದ್ದದ್ದೇ ಗೋವಾದಿಂದ, ಅದೂ ನಮ್ಮ ಕಡೆಯ ಎಷ್ಟೋ ಜನ ದುಡಿಯುವ ವಾಸ್ಕೋದಿಂದ. 2013ರಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಬಾಲಕಿಯ ಮೇಲೆ ಅತ್ಯಾಚಾರ ನಡೆದಿತ್ತು. ಸ್ಥಳದಲ್ಲಿ ಸಿಕ್ಕ ಬೆರಳಚ್ಚನ್ನು ಗೋವಾದ ಆಧಾರ್ ದತ್ತಾಂಶದ ಜೊತೆ ಹೋಲಿಸಬೇಕೆಂದು ಸಿಬಿಐ ಕೇಳಿತು, ಕೆಳ ನ್ಯಾಯಾಲಯ ಒಪ್ಪಿತು. ಯುಐಡಿಎಐ ಸುಪ್ರೀಂ ಕೋರ್ಟಿಗೆ ಹೋಗಿ, 2014ರ ಮಾರ್ಚ್‌ನಲ್ಲಿ ಅದಕ್ಕೆ ತಡೆ ಬಿತ್ತು. ಆಮೇಲೆ ಬಂದ ಕಾಯ್ದೆಯ 29ನೇ ಕಲಂ ಬೆರಳು, ಪಾಪೆಯ ದತ್ತಾಂಶವನ್ನು ಯಾವ ಕಾರಣಕ್ಕೂ ಯಾರಿಗೂ ಕೊಡಬಾರದು ಎನ್ನುತ್ತದೆ. ಹೆಸರು, ವಿಳಾಸ, ಫೋಟೊದಂಥದ್ದು ಬೇಕಾದರೆ ಹೈಕೋರ್ಟ್ ನ್ಯಾಯಮೂರ್ತಿ ದರ್ಜೆಗಿಂತ ಕಡಿಮೆಯಿಲ್ಲದ ನ್ಯಾಯಾಲಯದ ಆದೇಶ ಬೇಕು. ಒಟ್ಟಾರೆ ಆಧಾರ್ ಸಿಂಧು ಎಂದು ಸುಪ್ರೀಂ ಕೋರ್ಟ್ 26 ಸೆಪ್ಟೆಂಬರ್ 2018ರಂದು ಹೇಳಿತು, ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದಿದ್ದ 57ನೇ ಕಲಮಿನ ಭಾಗ ಬಿತ್ತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಪೊಲೀಸರು ರಕ್ತ ತೆಗೆಯುವುದು ಬೇರೆಯೇ ಕಾನೂನು: ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಕಾಯ್ದೆ, 2022. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಜಾಗಕ್ಕೆ ಬಂದದ್ದು. ಶಿಕ್ಷೆಯಾದವರು, ಬಂಧಿತರು, ಸನ್ನಡತೆ ಮುಚ್ಚಳಿಕೆಗೆ ಒಳಗಾದವರಿಂದ ಬೆರಳು, ಪಾಪೆ, ಫೋಟೊ, ಜೈವಿಕ ಮಾದರಿ ಮತ್ತು ಅದರ ವಿಶ್ಲೇಷಣೆ ತೆಗೆದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ, ಅಂದರೆ ಎನ್‌ಸಿಆರ್‌ಬಿಯಲ್ಲಿ 75 ವರ್ಷ ಇಡಬಹುದು. ಜೈವಿಕ ಮಾದರಿಯ ವಿಷಯದಲ್ಲಿ ಒಂದು ಮಿತಿ ಇದೆ, ಹುಡುಗರಿಗೆ ತಿಳಿಸಬೇಕಾದ್ದು ಇದನ್ನೇ: ಬಂಧನವಾಗಿದ್ದು ಮಹಿಳೆ ಅಥವಾ ಮಗುವಿನ ಮೇಲಿನ ಅಪರಾಧಕ್ಕೂ ಅಲ್ಲ, 7 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಕ್ಕೂ ಅಲ್ಲ ಎಂದಾದರೆ, ಈ ಕಾಯ್ದೆಯಡಿ ರಕ್ತ ಇತ್ಯಾದಿ ಕೊಡುವಂತೆ ಬಲವಂತ ಮಾಡುವಂತಿಲ್ಲ. ಬೆರಳಚ್ಚಿಗೆ ಈ ರಿಯಾಯಿತಿ ಇಲ್ಲ. ತಡೆದರೆ ಅದೇ ಬೇರೆ ಅಪರಾಧ. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ರಕ್ತ ತೆಗೆಯುವ ಅಧಿಕಾರ ಯಾರಿಗೂ ಇಲ್ಲ.

ಮೊದಲು ಶಿಕ್ಷೆಯಾಗಿರದವರು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಅಥವಾ ಮೇಲ್ಮನವಿಗಳೆಲ್ಲ ಮುಗಿದು ಖುಲಾಸೆಯಾದರೆ ದಾಖಲೆ ನಾಶ ಮಾಡಬೇಕು ಎಂದು ಕಾಯ್ದೆಯಲ್ಲಿದೆ. ನ್ಯಾಯಾಲಯ ಬೇರೆ ರೀತಿ ಬರೆದು ಆದೇಶಿಸಿದರೆ ಮಾತ್ರ ಇಲ್ಲ. ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. 2022ರ ನಿಯಮಗಳ ಪ್ರಕಾರ ರಾಜ್ಯದ ನೋಡಲ್ ಅಧಿಕಾರಿಗೆ ಕೋರಿಕೆ ಹೋಗಬೇಕು, ಅವರು ಪರಿಶೀಲಿಸಿ ಎನ್‌ಸಿಆರ್‌ಬಿಗೆ ಶಿಫಾರಸು ಮಾಡಬೇಕು. ಖುಲಾಸೆ ಆದೇಶದ ದೃಢೀಕೃತ ನಕಲು ಕೈಗೆ ಬಂದ ವಾರದಲ್ಲೇ ವಕೀಲರಿಂದ ಈ ಅರ್ಜಿ ಹಾಕಿಸಿ. ಕೇಸು ಗೆದ್ದ ಸಂಭ್ರಮದಲ್ಲಿ ಮರೆತುಹೋಗುವುದು ಇದೊಂದೇ.

ರಾಷ್ಟ್ರೀಯ ಡಿಎನ್ಎ ಬ್ಯಾಂಕ್ ಕಟ್ಟಲು ತಂದಿದ್ದ ಮಸೂದೆಯ ಕಥೆ ಬೇರೆ. 2019ರ ಜನವರಿಯಲ್ಲಿ ಲೋಕಸಭೆಯಲ್ಲಿ ಪಾಸಾದರೂ ಆ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು, ಅದೇ ಜುಲೈನಲ್ಲಿ ಮತ್ತೆ ಮಂಡನೆಯಾಯಿತು, ಸ್ಥಾಯಿ ಸಮಿತಿ 2021ರಲ್ಲಿ ವರದಿ ಕೊಟ್ಟಿತು, 2023ರ ಜುಲೈನಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಅಂದರೆ ಪ್ರಯೋಗಾಲಯಗಳ ಮಾನ್ಯತೆ, ಡೇಟಾಬ್ಯಾಂಕಿನ ಕಾವಲು ಹೇಗಿರಬೇಕೆಂದು ಹೇಳುವ ಕಾಯ್ದೆ ಬರಲಿಲ್ಲ, ಮಾದರಿ ತೆಗೆಯುವ ಕಾಯ್ದೆ ಬಂತು. ನನ್ನ ಮಟ್ಟಿಗೆ ತಕರಾರು ಇರಬೇಕಾದ್ದು ಇಲ್ಲಿ, ಆಧಾರ್ ವದಂತಿಯಲ್ಲಲ್ಲ. ಬ್ರಿಟನ್ 1995ರಲ್ಲೇ ಡಿಎನ್ಎ ಡೇಟಾಬೇಸ್ ಮಾಡಿತ್ತು. ಖುಲಾಸೆಯಾದವರ ಮಾದರಿಯನ್ನೂ ಕೊನೆಯಿಲ್ಲದೆ ಇಟ್ಟುಕೊಂಡಿದ್ದಕ್ಕೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2008ರ ಡಿಸೆಂಬರ್‌ನಲ್ಲಿ ಅದರ ವಿರುದ್ಧ ತೀರ್ಪು ಕೊಟ್ಟಿತು.

ಬೆರಳಚ್ಚಿಗೂ ಡಿಎನ್ಎಗೂ ಇರುವ ದೊಡ್ಡ ವ್ಯತ್ಯಾಸ ನಿಮ್ಮ ಪುಟದಲ್ಲಿ ಒಂದು ಸಾಲಾದರೂ ಇರಲಿ. ಬೆರಳು ಒಬ್ಬನದು, ಡಿಎನ್ಎ ಮನೆತನದ್ದು. ಗುರುತಿಗಾಗಿ ನೋಡುವುದು ಪೂರ್ತಿ ಡಿಎನ್ಎ ಅಲ್ಲ, ಎಸ್‌ಟಿಆರ್ ಎಂಬ ಪುನರಾವರ್ತನೆಯ ಜಾಗಗಳನ್ನು. ಅಮೆರಿಕದಲ್ಲಿ 2017ರಿಂದ ಇಂಥ 20 ಜಾಗ ನೋಡುತ್ತಾರೆ. ಪ್ರತಿ ಜಾಗದಲ್ಲಿ ಒಂದು ಅಂಕಿ ತಾಯಿಯದು, ಒಂದು ತಂದೆಯದು. ಹಾಗಾಗಿ ಅಣ್ಣನ ಮಾದರಿ ಪಟ್ಟಿಯಲ್ಲಿದ್ದರೆ ತಮ್ಮನನ್ನೂ ಸಂಬಂಧಿಯೆಂದು ಹುಡುಕಬಹುದು. ಗಂಡು ಸಂತತಿಯ ವೈ-ಎಸ್‌ಟಿಆರ್ ಅಜ್ಜ, ಅಪ್ಪ, ಕಾಕಾ, ಮಗ ಎಲ್ಲರದ್ದೂ ಸಾಮಾನ್ಯವಾಗಿ ಒಂದೇ. ಏಕರೂಪದ ಅವಳಿಗಳನ್ನು ಈ ಪರೀಕ್ಷೆ ಬೇರ್ಪಡಿಸುವುದಿಲ್ಲ. ಇದೇ ಗುಣ ಒಳ್ಳೆಯದಕ್ಕೂ ಬರುತ್ತದೆ: ಗುರುತು ಸಿಗದ ಶವಕ್ಕೆ, ಕಾಣೆಯಾದವರಿಗೆ ತಂದೆತಾಯಿ ಅಥವಾ ಮಕ್ಕಳ ಮಾದರಿ ಕೊಟ್ಟು ಪತ್ತೆ ಹಚ್ಚುವುದು.

ಕೆಡುವುದು ಹೆಚ್ಚಾಗಿ ಪ್ರಯೋಗಾಲಯದಲ್ಲಲ್ಲ, ಅಲ್ಲಿಗೆ ತಲುಪುವ ಮೊದಲು. ರಕ್ತದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಸ್ಟು ಬಂದು ಡಿಎನ್ಎ ತುಂಡಾಗುತ್ತದೆ. ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಕಾಗದದ ಲಕೋಟೆಗೆ ಹಾಕಿ ಮೊಹರು ಮಾಡಬೇಕು. ರಕ್ತವಾದರೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಕೊಳವೆಯಲ್ಲಿ. ಮಾದರಿ ಕೊಡುವಾಗ ಗುರುತಿನ ಫಾರಂ ಮೇಲೆ ನಿಮ್ಮ ಫೋಟೊ, ಸಹಿ, ಸಾಕ್ಷಿಗಳ ಸಹಿ ಇದೆಯೇ, ಕೊಳವೆಯ ಚೀಟಿಯ ಹೆಸರೂ ಫಾರಂ ಹೆಸರೂ ಒಂದೇ ಇದೆಯೇ, ಮೊಹರು ನಿಮ್ಮೆದುರೇ ಬಿತ್ತೇ ಎಂದು ನೋಡಿ.

---

ಸಿಂದಗಿ_ನಾಕಾ:

ಕಡೀ ಪ್ರಶ್ನೆ. ಕಲ್ಲಿನ ಕ್ವಾರಿ, ಗಾರೆ ಕೆಲಸದವರ ಬೆರಳ ಸವದಿರತಾವು. ಲಾಕ್ ಮಾಡದಿದ್ರೂ ಯಂತ್ರ ಒಪ್ಪೂದಿಲ್ಲ. ಬೆರಳ ಸವದೈತೋ, ಲಾಕ್ ಆಗೈತೋ ಅಂತ ತಿಳಿಯೂದು ಹೆಂಗ?

---

ಘಟಪ್ರಭಾ_ದಂಡೆ:

ಇಳಕಲ್_ದಡಿಯವರ ಮಾತು ಒಪ್ಪಿದೆ, ಮೊದಲು ಮೊಬೈಲ್, ಆಮೇಲೆ ಲಾಕ್.

ಯಂತ್ರ ತೋರಿಸುವ ಎರರ್ ಕೋಡ್ ಕೇಳಿ. 300 ಅಂದರೆ ಬೆರಳು ಹೊಂದಲಿಲ್ಲ, 330 ಅಂದರೆ ಕಾರ್ಡುದಾರರೇ ಲಾಕ್ ಮಾಡಿದ್ದಾರೆ. 300 ಆದರೆ ಬೆರಳು ತೊಳೆದು ಒರೆಸಿ, ಸ್ಕ್ಯಾನರ್ ಗಾಜನ್ನೂ ಒರೆಸಿ ಇನ್ನೊಂದು ಬೆರಳು ಇಡಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವುದಾದರೂ ಸರಿ. ಸುಣ್ಣ, ಸಿಮೆಂಟ್ ಹತ್ತಿದ ಕೈಗೆ ಉಂಗುರ ಬೆರಳು ಕಡಿಮೆ ಸವೆದಿರುತ್ತದೆ. ಆದರೆ ಪ್ರತಿ ಸಲ ಚೀಟಿ ಅಥವಾ ಪರದೆಯಲ್ಲಿ 300 ಬಂತೆಂದು ಕಣ್ಣಾರೆ ನೋಡಿದ ಮೇಲೇ ಮುಂದಿನ ಬೆರಳು. ಸವೆದ ಬೆರಳಿನವರಿಗೇ "ಇನ್ನೊಮ್ಮೆ ಇಡ್ರಿ" ಮೋಸ ಸುಲಭ, ಯಾಕೆಂದರೆ ಅವರಿಗೆ ನಾಲ್ಕೈದು ಸಲ ಇಟ್ಟು ರೂಢಿಯಾಗಿಬಿಟ್ಟಿರುತ್ತದೆ. ಯಾವ ಬೆರಳೂ ನಡೆಯದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೊಮೆಟ್ರಿಕ್ ಅಪ್‌ಡೇಟ್, ಶುಲ್ಕ 125 ರೂಪಾಯಿ. ಕೆಲಸಕ್ಕೆ ನಾಲ್ಕು ದಿನ ಬಿಡುವು ಕೊಟ್ಟು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದು, ಹೋಗುವ ದಿನ ಸೋಪಿನಿಂದ ತೊಳೆದು ಹೋದರೆ ರೇಖೆ ಚೆನ್ನಾಗಿ ಬರುತ್ತವೆ. ರೇಷನ್ ಅಂಗಡಿಯಲ್ಲಿ ಕಣ್ಣಿನ ಪಾಪೆಯ ಯಂತ್ರವೋ ಒಟಿಪಿ ದಾರಿಯೋ ಇದೆಯೇ ಎಂದೂ ಕೇಳಿ, 300 ಬಂದ ಚೀಟಿಯನ್ನು ಮಾತ್ರ ಎಸೆಯಬೇಡಿ.